ಅಮೆರಿಕಾ ಕಾಕಾನ ಬಾಯಿಗೆ ಆಳಂದದ ಮಾತು

ಕರೆಂಟು ಹೋದ ಕೂಡಲೇ ನನಗೆ ಡಬ್ಬಿಂಗ್ ಸ್ಟುಡಿಯೊದಿಂದ ಫೋನು ಬರುತ್ತಿತ್ತು.

“ಸರ್, ಕರೆಂಟ್ ಹೋತ್ರಿ. ಲಗೂ ಬರ್ರಿ.”

ಬೇರೆ ಊರುಗಳಲ್ಲಿ ಕರೆಂಟು ಹೋದರೆ ಕೆಲಸ ನಿಲ್ಲುತ್ತದೆ. ಆಳಂದದಲ್ಲಿ ನಮ್ಮ ಕೆಲಸ ಆಗಲೇ ಶುರುವಾಗುತ್ತಿತ್ತು. ಸ್ಟುಡಿಯೊ ಇದ್ದದ್ದು ಒಂದು ಬ್ಯಾಳಿ ಮಿಲ್ಲಿನ ಮಾಳಿಗೆಯ ಮೇಲೆ. ಕೆಳಗೆ ತೊಗರಿ ಒಡೆಯುವ ಯಂತ್ರ ಓಡುತ್ತಿದ್ದರೆ ಮೇಲೆ ನೆಲ ಸಣ್ಣಗೆ ನಡುಗುತ್ತಿತ್ತು. ಗೋಡೆಗೆ ಹಳೆಯ ಅರಿವೆ ಹೊಲಿದ ದಪ್ಪ ಕೌದಿ ಹೊಡೆದಿದ್ದರು, ಕಿಟಕಿಗೆ ಗಾದಿ ಒತ್ತಿದ್ದರು. ಆದರೂ ಆ ಸಪ್ಪಳ ಮೈಕಿನೊಳಗೆ ಇಳಿಯುತ್ತಿತ್ತು. ಕರೆಂಟು ಹೋದರೆ ಮಿಲ್ಲು, ಎದುರಿನ ಹಿಟ್ಟಿನ ಗಿರಣಿ, ಹಿಂದಿನ ಬೋರಿನ ಮೋಟಾರು ಎಲ್ಲವೂ ಒಮ್ಮೆಲೇ ಸುಮ್ಮನಾಗುತ್ತಿದ್ದವು. ನಮ್ಮ ಕಂಪ್ಯೂಟರು ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಜೀವಮಾನವೆಲ್ಲ ವೇಳಾಪಟ್ಟಿ ಹಿಡಿದು ಬದುಕಿದ ನನಗೆ, ಲೈನ್‌ಮನ್ನನ ಕೈಯಲ್ಲಿ ನನ್ನ ದಿನ ಸಿಕ್ಕಿಹಾಕಿಕೊಂಡದ್ದು ಮೊದಮೊದಲು ಸಿಟ್ಟು ತರಿಸುತ್ತಿತ್ತು. ಆಮೇಲೆ ಶೇವಿಂಗು, ಸ್ನಾನ, ಇಸ್ತ್ರಿ ಮಾಡಿದ ಅಂಗಿ ಎಲ್ಲವನ್ನೂ ಬೆಳಗಿನ ಜಾವವೇ ಮುಗಿಸಿ ಬೂಟು ಹಾಕಿಕೊಂಡು ಕೂತಿರುವುದನ್ನು ರೂಢಿ ಮಾಡಿಕೊಂಡೆ.

ನಾನು ಹೈಸ್ಕೂಲಿನ ಡ್ರಿಲ್ ಮಾಸ್ತರನಾಗಿದ್ದವನು. ನಿವೃತ್ತನಾದ ಮೇಲೆ ಈ ಡಬ್ಬಿಂಗ್ ಕೆಲಸ ನನ್ನ ಪಾಲಿಗೆ ಬಂತು. ಸ್ಟುಡಿಯೊದ ಯಜಮಾನರು ಅಫಜಲಪುರದ ಕಡೆಯವರು. ಮೊದಲು ಮದುವೆಯ ವಿಡಿಯೊ ತೆಗೆಯುತ್ತಿದ್ದರು, ಈಗ ನಮಗೆಲ್ಲ ‘ಸ್ಟುಡಿಯೊದವರು’. ಕ್ರೀಡಾಕೂಟವೊಂದರಲ್ಲಿ ನಾನು ಮೈಕಿಲ್ಲದೆ ಮೈದಾನದ ಆಚೆ ತುದಿಗೆ ಕೇಳುವಂತೆ ಹೆಸರು ಕೂಗಿದ್ದು ಅವರ ನೆನಪಿನಲ್ಲಿತ್ತು.

ನಾನು ದನಿ ಕೊಡಬೇಕಾಗಿದ್ದದ್ದು ಒಬ್ಬ ಅಮೆರಿಕದ ನಟರಿಗೆ. ಅವರ ಹೆಸರು ಬರೆಯುವಂತಿಲ್ಲ, ಒಪ್ಪಂದ ಹಾಗಿದೆ. ನಾವು ಅವರನ್ನು ಅಮೆರಿಕಾ ಕಾಕಾ ಎನ್ನುತ್ತಿದ್ದೆವು. ಮುಖ್ಯ ನಾಯಕನಾಗಿ ಹೆಸರು ಮಾಡಿದವರಲ್ಲ ಅವರು. ಆದರೆ ಸಿನಿಮಾದಲ್ಲೂ ಟಿವಿಯಲ್ಲೂ ಒಮ್ಮೆ ಕಂಡರೆ, ‘ಈ ಮನುಷ್ಯನನ್ನು ಎಲ್ಲೋ ನೋಡೀನಲ್ಲ’ ಅನಿಸುವಂಥವರು. ಅವರ ನಾಲ್ಕು ಕೆಲಸಗಳನ್ನು ಬೆಂಗಳೂರಿನ ಒಂದು ಕಂಪನಿ ಒಟ್ಟಿಗೆ ಕನ್ನಡಕ್ಕೆ ತರುತ್ತಿತ್ತು. ಒಂದರಲ್ಲಿ ಅವರು ಕರುಣೆಯಿಲ್ಲದ ವಕೀಲ. ಇನ್ನೊಂದರಲ್ಲಿ ಸದಾ ಕಾರು ಕೆಡಿಸಿಕೊಂಡು ಪಕ್ಕದ ಮನೆಗೆ ಓಡಿಬರುವ ನಗೆಗಾರ. ಮೂರನೆಯದರಲ್ಲಿ ಆಕಾಶನೌಕೆಯ ಕಪ್ತಾನ. ಕೊನೆಯದು ಒಂದು ಧಾರಾವಾಹಿ. ಅದರಲ್ಲಿ ಅವರು ಸಣ್ಣ ಊರಿನ ಮುದಿ ಕ್ಷೌರಿಕ. ನಾಲ್ಕಕ್ಕೂ ಒಂದೇ ಕನ್ನಡ ದನಿ ಇರಬೇಕು, ನೋಡುವವರಿಗೆ ಆ ಮನುಷ್ಯನ ಗುರುತು ಹತ್ತಬೇಕು ಎಂದು ಕಂಪನಿ ಹೇಳಿತ್ತು.

ವಕೀಲ ಸಲೀಸಾಗಿ ಬಂದ. ನನ್ನ ಗಂಟಲಿಗೆ ಹುಕುಂ ಕೊಟ್ಟು ರೂಢಿ. ಕಪ್ತಾನನೂ ಬಂದ. ನಗೆಗಾರ ಮಾತ್ರ ಸತಾಯಿಸಿದ. ನಾನು ಜೋಕು ಹೇಳಿದರೆ ಸ್ಟುಡಿಯೊದವರು ಎದ್ದು ನಿಲ್ಲುವಂತಾಗುತ್ತಿತ್ತು. ಕೂತು ಹೇಳಿದೆ, ಓಡಾಡಿ ಹೇಳಿದೆ, ಬೆಲ್ಲ ತಿಂದು ಹೇಳಿದೆ. ಆಗಲಿಲ್ಲ. ಕೊನೆಗೆ ದನಿಯನ್ನು ಬಿಟ್ಟು ಮೈಯನ್ನು ನೋಡತೊಡಗಿದೆ. ಅದು ನನಗೆ ಗೊತ್ತಿದ್ದ ವಿದ್ಯೆ. ಸಾಲಿನಲ್ಲಿ ಹುಡುಗರು ನಿಂತಿದ್ದರೆ ಯಾರ ತೂಕ ಯಾವ ಕಾಲಿನ ಮೇಲಿದೆ, ಯಾರ ಹೆಗಲು ಬಿಗಿದಿದೆ ಎಂದು ದೂರದಿಂದಲೇ ಹೇಳಬಲ್ಲೆ. ಶಬ್ದ ತೆಗೆದು ಚಿತ್ರವಷ್ಟೇ ಹಾಕಿಸಿ ನೋಡಿದೆ. ನಗೆಗಾರ ಯಾವಾಗಲೂ ತುದಿಗಾಲಿನ ಮೇಲಿದ್ದ. ವಕೀಲನ ಕೈಗಳು ಮೈಗೆ ಅಂಟಿಕೊಂಡಿದ್ದವು. ಕಪ್ತಾನನ ಮೊಣಕಾಲು ಎಂದೂ ಮಡಚುತ್ತಿರಲಿಲ್ಲ. ಒಬ್ಬನೇ ಮನುಷ್ಯ, ಪ್ರತಿ ಸಲವೂ ಬೇರೆ ನಿಲುವು. ಆ ದಿನದಿಂದ ಅವರು ಹೇಗೆ ನಿಂತಿದ್ದಾರೋ ಹಾಗೆ ನಿಂತು ಮಾತಾಡಿದೆ. ಹಿಮ್ಮಡಿ ಎತ್ತಿದ ಕೂಡಲೇ ನಗೆಗಾರನ ದನಿ ತಾನಾಗಿ ಹೊರಟಿತು. ಸ್ಟುಡಿಯೊದವರು ಹೆಡ್‌ಫೋನು ತೆಗೆದು, “ಸರ್, ಇದು ನೀವೇ ಏನ್ರಿ?” ಎಂದರು.

ಅವರ ಹಳೆಯ ಚಿತ್ರಗಳ ತುಣುಕುಗಳನ್ನೂ ಕೇಳಿ ತರಿಸಿಕೊಂಡೆ. ವಯಸ್ಸಿನ ಪ್ರಕಾರ ಜೋಡಿಸಿ ನೋಡಿದೆ. ಹರೆಯದಲ್ಲಿ ಅವರಿಗೆ ಮಾತೇ ಇರಲಿಲ್ಲ. ಒಂದರಲ್ಲಿ ನಾಯಕ ನಾಯಕಿ ಊಟ ಮಾಡುವಾಗ ಹಿಂದೆ ತಟ್ಟೆ ಹಿಡಿದು ನಿಂತಿರುತ್ತಾರೆ. ಇನ್ನೊಂದರಲ್ಲಿ ಬಾಗಿಲು ತೆಗೆದು ಸರಿದು ನಿಲ್ಲುತ್ತಾರೆ. ಮತ್ತೊಂದರಲ್ಲಿ ಹೆಣವಾಗಿ ಮಲಗಿರುತ್ತಾರೆ. ಯಾರೂ ತಮ್ಮನ್ನು ನೋಡುತ್ತಿಲ್ಲ ಎಂಬುದು ಗೊತ್ತಿದ್ದೂ ಆ ತಟ್ಟೆಯನ್ನು ಅವರು ಎಷ್ಟು ಸರಿಯಾಗಿ ಹಿಡಿದಿದ್ದರೆಂದರೆ, ನನಗೆ ನಾಯಕನ ಕಡೆ ಕಣ್ಣು ಹೋಗಲಿಲ್ಲ. ಆ ಮನುಷ್ಯನ ಮೇಲೆ ನನಗೆ ಮರ್ಯಾದೆ ಹುಟ್ಟಿದ್ದು ಅಲ್ಲಿ.

ತೊಡಕು ಬಂದದ್ದು ಕ್ಷೌರಿಕನಲ್ಲಿ.

ಆ ಧಾರಾವಾಹಿಯ ಊರು ಅಮೆರಿಕದ ಒಣ ಸೀಮೆಯದು. ಅಲ್ಲಿಯ ಇಂಗ್ಲಿಷನ್ನು ಕೇಳಿ ಅಲ್ಲಿಯ ದೊಡ್ಡ ಊರಿನವರು ನಗುತ್ತಾರಂತೆ. ಅದಕ್ಕೇ ಕನ್ನಡದಲ್ಲಿ ಅದು ನಮ್ಮ ಕಲಬುರಗಿ ಸೀಮೆಯ ಮಾತಿನಲ್ಲಿ ಇರಲಿ ಎಂದು ಕಂಪನಿ ನಿರ್ಧರಿಸಿತ್ತು. ಕ್ಷೌರಿಕನ ಮಗಳ ಪಾತ್ರಕ್ಕೆ ಸ್ಟುಡಿಯೊದವರು ಜೇವರ್ಗಿಯ ಒಬ್ಬ ಹೆಣ್ಣುಮಗಳನ್ನು ಕರೆತಂದರು. ಅವರು ಬಸ್ಸಿನ ಕಂಡಕ್ಟರು; ನಾವು ಮರ್ಯಾದೆಗೆ ‘ಬಾಯಾರು’ ಎನ್ನುತ್ತಿದ್ದೆವು. ವಾರದ ರಜೆಯ ದಿನ ಆಳಂದಕ್ಕೆ ಬರುತ್ತಿದ್ದರು. ದನಿ ಗಟ್ಟಿ, ಉಸಿರು ಉದ್ದ, ಹೇಳಿದ್ದನ್ನು ಒಮ್ಮೆಗೇ ಹಿಡಿಯುತ್ತಿದ್ದರು. ಇಷ್ಟು ದೂರ ಬಂದು ಇದನ್ನು ಯಾಕೆ ಮಾಡುತ್ತೀರಿ ಎಂದು ಮೊದಲ ದಿನವೇ ಕೇಳಿದ್ದೆ.

“ಸರ್, ದಿನಾ ಎಷ್ಟ್ ಮಂದಿ ನನ್ನ ದನಿ ಕೇಳ್ತಾರ್ರಿ. ಮುಂದ ನಡೀರಿ, ಚಿಲ್ರಾ ತೆಗೀರಿ, ಆಧಾರ್ ತೋರಸ್ರಿ. ಒಬ್ರರ ಕಿವಿಗಿ ಹಾಕ್ಕೋತಾರೇನ್ರಿ? ಒಮ್ಮಿ ಯಾರರ ಕುಂತು ಕೇಳ್ಬೇಕ್ರಿ ಸರ್.”

ಧಾರಾವಾಹಿಯ ಎಲ್ಲಕ್ಕೂ ಕೀಲಿಯಂಥ ದೃಶ್ಯ ಒಂದಿತ್ತು. ಮಗಳು ಜೈಲಿನಿಂದ ಬಿಟ್ಟು ಬಂದಿದ್ದಾಳೆ. ಊರಿನವರು ಮುಖ ತಿರುಗಿಸಿದ್ದಾರೆ. ಅವಳು ಅಪ್ಪನ ಅಂಗಡಿಯ ಬಾಗಿಲಲ್ಲಿ ನಿಂತಿದ್ದಾಳೆ. ಅಪ್ಪ ಬೆನ್ನು ತಿರುಗಿಸಿ ಕತ್ತರಿ ಒರೆಸುತ್ತಿದ್ದಾನೆ. ತಿರುಗಿ ನೋಡದೆ ‘ಬಾ’ ಎನ್ನುತ್ತಾನೆ. ಆಮೇಲೆ ಕನ್ನಡಿಯಲ್ಲಿ ಅವಳನ್ನು ಕಂಡು, ಚಿಕ್ಕಂದಿನ ಮುದ್ದಿನ ಹೆಸರಿನಿಂದ ಕರೆಯುತ್ತಾನೆ, ಮತ್ತೆ ಕತ್ತರಿಯ ಮೇಲೆ ಬಾಗಿ ‘ಕೂಡು’ ಎಂದು ಕುರ್ಚಿ ತೋರಿಸುತ್ತಾನೆ. ಇಂಗ್ಲಿಷಿನಲ್ಲಿ ಆ ಹೆಸರು ‘ಬೀನ್’. ಅನುವಾದ ಮಾಡಿದವರು ನಿಷ್ಠೆಯಿಂದ ‘ಬಾ, ಹುರಳಿಕಾಯಿ’ ಎಂದು ಬರೆದು ಕಳಿಸಿದ್ದರು.

ಅದನ್ನು ಓದಿ ಕಂಡಕ್ಟರ್ ಬಾಯಾರು ನಗುತ್ತ ಕೌದಿಗೆ ಒರಗಿಬಿಟ್ಟರು. “ಸರ್, ಜೇಲಿನ್ಯಾಗಿಂದ ಬಂದ ಮಗಳಿಗಿ ಪಲ್ಯಾ ಮಾಡ್ತಾನೇನ್ರಿ ಇವಾ?”

ಡಬ್ಬಿಂಗಿನಲ್ಲಿ ಅರ್ಥದಷ್ಟೇ ತುಟಿಯೂ ಮುಖ್ಯ. ಪರದೆಯ ಮೇಲೆ ತುಟಿ ಮುಚ್ಚಿದಾಗ ನಮ್ಮ ಮಾತಿನಲ್ಲೂ ಪ, ಬ, ಮ ಬರಬೇಕು. ಕನ್ನಡಿಯಲ್ಲಿ ಕಾಕಾನ ಮುಖ ದೊಡ್ಡದಾಗಿ ಕಾಣುತ್ತದೆ. ತುಟಿ ಒಮ್ಮೆ ಮುಚ್ಚುತ್ತದೆ, ಆಮೇಲೆ ಅಡ್ಡಕ್ಕೆ ಅಗಲವಾಗುತ್ತದೆ, ಅಲ್ಲಿಗೆ ಮುಗಿಯಿತು. ‘ಮಗಳೇ’ ಎಂದರೆ ಉದ್ದವಾಯಿತು, ಅವರ ಬಾಯಿ ಮುಚ್ಚಿದ ಮೇಲೂ ನನ್ನ ಮಾತು ನಡೆದಿರುತ್ತಿತ್ತು. ‘ಯವ್ವಾ’ ನಮ್ಮಲ್ಲಿ ಮಗಳನ್ನು ಕರೆಯುವ ಮಾತೇ, ಆದರೆ ಶುರುವಿನಲ್ಲಿ ತುಟಿ ಮುಚ್ಚುವುದಿಲ್ಲ. ಹೀಗೆ ಒಂದೊಂದೇ ಹಚ್ಚಿ ತೆಗೆಯುತ್ತಿದ್ದಾಗ ಬಾಯಾರು, “ಬಾ ಬೇ ಅನ್ರಿ ಸರ್” ಎಂದರು.

ಹಾಕಿ ನೋಡಿದೆವು. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ‘ಬೇ’ ಎಂದಾಗ ಕಾಕಾನ ತುಟಿ ಮುಚ್ಚಿತು, ಅಗಲವಾಯಿತು, ನಿಂತಿತು. ನಮ್ಮ ಕಡೆ ತಾಯಿಗೆ, ಮಗಳಿಗೆ, ಗೆಳತಿಗೆ, ಹೆಣ್ಣಾದವರಿಗೆ ಸಲಿಗೆಯಿಂದ ಹಚ್ಚುವ ಮಾತು ಅದು. ಆ ದೃಶ್ಯ ಮುಗಿಸಿ ಬೆಂಗಳೂರಿಗೆ ಕಳಿಸಿದೆವು.

ವಾಪಸು ಬಂತು.

ಕಂಪನಿಯಲ್ಲಿ ಭಾಷೆ ತಪಾಸಣೆ ಮಾಡುವ ಮೇಡಂ ಒಬ್ಬರಿದ್ದರು. ಮೆಲು ಮಾತಿನವರು, ಕೆಲಸದಲ್ಲಿ ಕರಾರುವಾಕ್ಕು. ಅವರೇ ಫೋನು ಮಾಡಿದರು.

“ಸರ್, ತಪ್ಪು ತಿಳಿಯಬೇಡಿ. ‘ಬಾ ಬೇ’ ಅಂದ್ರೆ ನಮ್ಮ ಕಡೆ ಹೊಡೆದಾಟಕ್ಕೆ ಕರೆದ ಹಾಗೆ ಕೇಳುತ್ತೆ. ನಾನು ಇನ್ನಿಬ್ಬರಿಗೆ ಕೇಳಿಸಿದೆ. ಅಪ್ಪ ಮಗಳನ್ನು ಬೈದು ಓಡಿಸ್ತಿದ್ದಾನೆ ಅಂದರು.”

“ಮೇಡಂ, ಅದು ನಮ್ಮ ಕಡೆ ಪ್ರೀತಿಯ ಮಾತು.”

“ಇರಬಹುದು ಸರ್. ಆದರೆ ಪ್ರೀತಿ ಕೇಳಿಸ್ತಿಲ್ಲ. ಮಗಳೂ ಟಿಕೆಟ್ ಕೊಡುವವರ ಹಾಗೆ ಮಾತಾಡ್ತಿದ್ದಾರೆ. ಇಬ್ಬರೂ ಒಂದೇ ಮನೆಯವರು ಅನ್ನಿಸೋದೇ ಇಲ್ಲ. ನಿಮ್ಮ ದನಿ ಉಳಿದ ಮೂರರಲ್ಲಿ ಒಪ್ಪಿಗೆಯಾಗಿದೆ, ಅದನ್ನು ಬದಲಿಸುವುದಿಲ್ಲ. ಮಗಳಿಗೆ ಇಲ್ಲಿಯ ಹುಡುಗಿಯನ್ನು ಹಾಕ್ತೀವಿ. ಭಾಷೆಯನ್ನೂ ಸ್ವಲ್ಪ ಪುಸ್ತಕದ ಕಡೆಗೆ ತಗೊಳ್ಳೋಣ.”

ನಾನು ಇನ್ನೊಂದು ಅವಕಾಶ ಕೇಳಿದೆ. ಅವರು ಯೋಚಿಸಿ, ಮುಂದಿನ ವಾರದೊಳಗೆ ಆ ಒಂದೇ ದೃಶ್ಯವನ್ನು ಮತ್ತೆ ಕಳಿಸಿ, ಅದರ ಮೇಲೆ ತೀರ್ಮಾನ ಎಂದರು. ಆ ದೃಶ್ಯ ಬಿದ್ದರೆ ಬಾಯಾರೂ ಹೋದಂತೆ.

ಅವರಿಗೆ ಇದನ್ನು ಫೋನಿನಲ್ಲಿ ಹೇಳುವುದು ಸರಿಯಲ್ಲ ಅನಿಸಿತು. ವಾರದ ರಜೆಗೆ ಇನ್ನೂ ದಿನಗಳಿದ್ದವು. ಮರುದಿನ ಕಲಬುರಗಿಗೆ ಹೋಗಿ ಅವರು ಡ್ಯೂಟಿಯಲ್ಲಿದ್ದ ಅಫಜಲಪುರದ ಬಸ್ಸನ್ನೇ ಹತ್ತಿದೆ. ಮೊದಲ ನಿಲ್ದಾಣ ದಾಟಿ ಟಿಕೆಟಿನ ಗದ್ದಲ ಮುಗಿದ ಮೇಲೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಟಿಕೆಟ್ ಯಂತ್ರದ ಗುಂಡಿಯನ್ನು ಸುಮ್ಮನೆ ಉಜ್ಜುತ್ತ ನಿಂತರು.

“ಮನ್ಯಾಗ ಹೇಳೀನ್ರಿ ಸರ್. ಡಿಪೋದಾಗೂ ಹೇಳೀನಿ. ಯಾಕರ ಹೇಳ್ದೆನೋ.”

“ಇನ್ನಾ ಹೋಗಿಲ್ಲ. ಈಗ ಮಾಡೋಣ.”

“ಇಲ್ಲೇನ್ರಿ? ಮಂದಿ ನೋಡ್ತಾರ್ರಿ.”

“ನೋಡ್ಲಿ. ನಿಮಗ ಬ್ಯಾರೆ ವ್ಯಾಳ್ಯಾ ಎಲ್ಲದ?”

ಅವರ ಸೀಟಿನ ಮುಂದಿನ ಸಾಲಿನಲ್ಲಿ ಕೂತು ಮೊಬೈಲಿನಲ್ಲಿ ಆ ದೃಶ್ಯ ಹಚ್ಚಿದೆ. ಅವರು ಟಿಕೆಟ್ ಕೊಟ್ಟು ಬಂದಾಗೊಮ್ಮೆ ಹೇಳುತ್ತಿದ್ದೆವು. ನಾನು ಬೆನ್ನು ನೆಟ್ಟಗೆ ಮಾಡಿ, “ಬಾ ಬೇ. ಕೂಡು” ಎನ್ನುವುದು. ಅವರು ಮುಂದಿನ ಮಾತು ಹೇಳುವುದು. ಅಷ್ಟರಲ್ಲಿ ಯಾರೋ ಇಳಿಯುತ್ತಿದ್ದರು, ಯಾರೋ ಚಿಲ್ಲರೆ ಕೇಳುತ್ತಿದ್ದರು. ಮಗಳು ಅಪ್ಪನಿಗೆ ಕ್ಷಮೆ ಕೇಳುವ ಮಾತಿನ ನಡುವೆ ಸೀಟಿ ಊದಬೇಕಾಗುತ್ತಿತ್ತು.

ಅತನೂರಿನಲ್ಲಿ ಬಸ್ಸು ನಿಂತಿತು. ಒಬ್ಬ ಮುದುಕಿ ಗಂಟು ಹಿಡಿದು ಮೆಟ್ಟಿಲು ಹತ್ತಲು ಒದ್ದಾಡುತ್ತಿದ್ದಳು. ಬಾಯಾರು ಒಂದು ಕೈಯಲ್ಲಿ ಸರಳು ಹಿಡಿದು, ಕೆಳಕ್ಕೆ ಬಾಗಿ, ಇನ್ನೊಂದು ಕೈ ಕೊಟ್ಟರು.

“ಬಾ ಬೇ, ಸಾವಕಾಶ ಬಾ. ಗಂಟ ನನ್ನ ಕೈಯಾಗ ಕೊಡು. ಡ್ರೈವರಣ್ಣಾ, ಜರಾ ತಡಿ.”

ಮುದುಕಿ ಬಂದು ನನ್ನ ಮಗ್ಗುಲಲ್ಲಿ ಕೂತಳು. ಬಸ್ಸು ಹೊರಟಿತು. ಬಾಯಾರು ಬಂದು ನಿಂತರು. ನಾನು ಮತ್ತೆ ಶುರು ಮಾಡಿದೆ. “ಬಾ ಬೇ! ಕೂಡು!”

ಮುದುಕಿ ಬೆಚ್ಚಿ ನನ್ನ ಕಡೆ ತಿರುಗಿದಳು. “ಯಾರಿಗಿ ಅನ್ನಾಕತ್ತಿಯೋ ಮುದುಕಾ? ಅಕಿ ಏನ್ ನಿನ್ನ ಮನ್ಯಾನ ಆಳೇನು?”

“ಇಲ್ಲ ಬೇ ಯವ್ವಾ” ಎಂದು ಬಾಯಾರು ನಕ್ಕರು. “ಅವರು ನಮ್ಮಪ್ಪ ಆಗ್ಯಾರ.”

“ಆಗ್ಯಾರ ಅಂದ್ರ?”

“ಸಿನಿಮಾದಾಗ ಬೇ. ನಾ ಜೇಲಿನ್ಯಾಗಿಂದ ಬಂದೀನಿ. ಅವರು ಕರ್ಯಾಕತ್ತ್ಯಾರ.”

“ಅಪ್ಪ ಆದವ ಹಿಂಗ ಒದರ್ತಾನೇನು? ಇಂವಾ ಮತ್ತ ಜೇಲಿಗೇ ಕರ್ಯಾಕತ್ತಾನ ನೋಡು.”

ಬಸ್ಸು ನಕ್ಕಿತು. ಹಿಂದಿನ ಸಾಲಿನಿಂದ ರುಮಾಲಿನ ಮನುಷ್ಯನೊಬ್ಬ ಎದ್ದು ನಿಂತ. “ನಮಸ್ಕಾರ್ರಿ ಸರ್. ನಾ ಕಿಣ್ಣಿ ಸುಲ್ತಾನದವ್ರಿ, ನಿಮ್ಮ ಕೈಯಾಗ ಕಲ್ತೀನಿ. ಯವ್ವಾ, ಅವರ ದನೀನ ಹಂಗ. ಅವರು ಬಾ ಅಂದ್ರ ನಮಗ ಇನ್ನಾ ಮೊಣಕಾಲ ನಡಗ್ತಾವ.”

“ಕುಂದ್ರೋ” ಎಂದೆ. ಅವನು ಧಡ್ಡನೆ ಕೂತ. ಎಲ್ಲರೂ ಇನ್ನಷ್ಟು ನಕ್ಕರು. ಮುದುಕಿ ಮಾತ್ರ ನಗಲಿಲ್ಲ. ಬಾಯಾರ ಕೈಯಲ್ಲಿ ಎರಡು ಬಾರಿಹಣ್ಣು ಇಟ್ಟು, ಇವನ ಮಾತಿಗೆ ಅಂಜಬ್ಯಾಡ ಎಂದಳು.

ನಾನು ಮೊಬೈಲು ಕಿಸೆಯಲ್ಲಿಟ್ಟೆ. ಮೇಡಂ ಹೇಳಿದ್ದು ಸರಿಯಾಗಿತ್ತು. ‘ಬಾ ಬೇ’ ಎಂಬ ಅದೇ ಮಾತು ಈ ಬಸ್ಸಿನಲ್ಲಿ ನಿಮಿಷದೊಳಗೆ ಎರಡು ಸಲ ಕೇಳಿತ್ತು. ಒಂದಕ್ಕೆ ಮುದುಕಿ ಕೈ ಕೊಟ್ಟಿದ್ದಳು, ಇನ್ನೊಂದಕ್ಕೆ ಜಗಳಕ್ಕೆ ಬಂದಿದ್ದಳು. ಬಾಯಾರು ಹೇಗೆ ನಿಂತು ಅಂದಿದ್ದರು ಎಂದು ನೆನಪು ಮಾಡಿಕೊಂಡೆ. ಬೆನ್ನು ಬಾಗಿತ್ತು, ಹೆಗಲು ಸಡಿಲಾಗಿತ್ತು, ಮಾತು ಕೆಳಕ್ಕೆ ಇಳಿದಿತ್ತು. ನಾನು ಎದೆ ಸೆಟೆಸಿ, ಗದ್ದ ಎತ್ತಿ ಅಂದಿದ್ದೆ. ನಗೆಗಾರನಿಗಾಗಿ ಹಿಮ್ಮಡಿ ಎತ್ತಿದವನು ಕ್ಷೌರಿಕನ ಹತ್ತಿರ ಬಂದಾಗ ಮತ್ತೆ ಮೈದಾನದಲ್ಲಿ ನಿಂತುಬಿಟ್ಟಿದ್ದೆ. ಮಗಳು, ಜೈಲು, ಅಪ್ಪ ಎಂಬ ದೊಡ್ಡ ಸಂಗತಿಗಳ ಎದುರು ಮೈ ತಾನಾಗಿ ಸೆಟೆದುಕೊಂಡಿತ್ತು.

ಅಫಜಲಪುರದಲ್ಲಿ ಬಸ್ಸು ಖಾಲಿಯಾಯಿತು. ಡ್ರೈವರು ಚಹಾಕ್ಕೆ ಹೋದರು. ನಾನು ಬಾಯಾರಿಗೆ ಒಂದು ಮಾತು ಹೇಳಿದೆ. ಈ ತನಕ ನಾವು ಒಬ್ಬೊಬ್ಬರೇ ಒಳಗೆ ಹೋಗಿ, ಇನ್ನೊಬ್ಬರ ಮಾತನ್ನು ಹೆಡ್‌ಫೋನಿನಲ್ಲಿ ಕೇಳಿ, ನಮ್ಮ ನಮ್ಮ ಪಾಲು ಹೇಳಿ ಬರುತ್ತಿದ್ದೆವು. ಎಲ್ಲ ಕಡೆ ಕ್ರಮ ಅದೇ. ಈ ದೃಶ್ಯಕ್ಕೆ ಇಬ್ಬರೂ ಒಟ್ಟಿಗೆ ಒಳಗೆ ಹೋಗೋಣ. ನೀವು ಎದುರು ಸ್ಟೂಲಿನ ಮೇಲೆ ಕೂಡಿರಿ, ನಾನು ಹಿಂದೆ ನಿಲ್ಲುತ್ತೇನೆ, ಕ್ಷೌರಿಕ ನಿಂತ ಹಾಗೆ.

“ಸ್ಟುಡಿಯೊದವರು ಒಪ್ತಾರೇನ್ರಿ?”

“ಒಪ್ಪಂಗಿಲ್ಲ. ಒಪ್ಪಸೋಣ. ನಿಮಗ ಒಪ್ಪಿಗಿ ಅದನೋ ಇಲ್ಲೋ ಹೇಳ್ರಿ. ಹೋದ್ರ ನಿಮ್ಮ ಪಾಲಿಂದು ಹೋಗ್ತದ.”

ಅವರು ಚೀಲದ ಪಟ್ಟಿ ಸರಿ ಮಾಡಿಕೊಂಡರು. “ಹುರಳಿಕಾಯಿಕಿಂತ ಛಲೋ ಅಲ್ರಿ ಸರ್. ನಡೀರಿ, ಮಾಡೋಣ.”

ಸ್ಟುಡಿಯೊದವರು ಒಪ್ಪಲಿಲ್ಲ. ಅವರ ಕಾರಣ ಸರಿಯಾಗಿತ್ತು. ಕಂಪನಿಗೆ ಪ್ರತಿ ದನಿಯೂ ಬೇರೆ ಬೇರೆಯಾಗಿ ಬೇಕು. ಒಂದೇ ಕೋಣೆಯಲ್ಲಿ ಇಬ್ಬರಿದ್ದರೆ ನನ್ನ ದನಿ ಅವರ ಮೈಕಿಗೂ, ಅವರದು ನನ್ನ ಮೈಕಿಗೂ ಸೋರುತ್ತದೆ. ಒಂದನ್ನು ತಿದ್ದಲು ಹೋದರೆ ಇನ್ನೊಂದು ಕೆಡುತ್ತದೆ. ನಾನು ಆ ದೃಶ್ಯವನ್ನು ಮತ್ತೆ ಹಾಕಿಸಿ ತೋರಿಸಿದೆ. ಇಬ್ಬರೂ ಒಮ್ಮೆಯೂ ಒಟ್ಟಿಗೆ ಮಾತಾಡುವುದಿಲ್ಲ. ಒಬ್ಬರು ಮುಗಿಸಿದ ಮೇಲೆ ತುಸು ಹೊತ್ತು ಬಿಟ್ಟೇ ಇನ್ನೊಬ್ಬರು ಶುರು ಮಾಡುವುದು. ನಡುವೆ ಕೌದಿ ಇಳಿಬಿಟ್ಟು, ಎದೆಯ ಮಟ್ಟಕ್ಕೆ ಕಟ್ಟಿದರೆ ಸೋರಿಕೆ ಕಡಿಮೆಯಾಗುತ್ತದೆ. ಅವರು ಗದ್ದ ತುರಿಸಿಕೊಂಡು, “ತಿದ್ದಾಕ ಬರಂಗಿಲ್ರಿ ಸರ್ ಮತ್ತ. ಹೆಂಗ ಬರ್ತದೋ ಹಂಗ ಹೋಗ್ತದ” ಎಂದರು.

ಆ ವಾರವೆಲ್ಲ ನಾನು ನಿಲ್ಲುವುದನ್ನು ಕಲಿತೆ. ನಮ್ಮ ಓಣಿಯ ಕಟಿಂಗ್ ಅಂಗಡಿಯ ಬೆಂಚಿನ ಮೇಲೆ ದಿನವೂ ಕೂತೆ. ಅಂಗಡಿಯವನು ಎರಡು ದಿನ ಸಹಿಸಿ ಮೂರನೆಯ ದಿನ ಕೇಳಿದ. “ಮಾಸ್ತರ್, ಕಟಿಂಗೂ ಇಲ್ಲ, ದಾಡೀನೂ ಇಲ್ಲ. ಪೇಪರ್ ಓದಾಕ ಬರ್ತೀರಂದ್ರ ಪೇಪರೂ ಮುಟ್ಟಂಗಿಲ್ಲ. ನನ್ನ ಮ್ಯಾಲ ಏನರ ಕಂಪ್ಲೇಂಟ್ ಬಂದದೇನ್ರಿ?” ಕಾರಣ ಹೇಳಿದಾಗ, ಹಾಗಾದರೆ ಹಣಿಗೆ ಹಿಡಿಯುವ ಕೈ ನೋಡಿರಿ, ಹೊಟ್ಟೆಯನ್ನು ನೋಡಬೇಡಿರಿ ಎಂದು ನಕ್ಕ. ಮನೆಗೆ ಬಂದು ಕನ್ನಡಿಯ ಮುಂದೆ ಕುರ್ಚಿ ಇಟ್ಟು ಅದರ ಹಿಂದೆ ನಿಂತೆ. ಒಂದು ಕಾಲಿಗೆ ತೂಕ, ಸೊಂಟ ಸಡಿಲ, ತಲೆ ಮುಂದಕ್ಕೆ. ನನ್ನ ಬೆನ್ನು ಕೇಳುತ್ತಿರಲಿಲ್ಲ. ಅರೆಗಳಿಗೆ ಮರೆತರೆ ಮತ್ತೆ ಸೆಟೆಯುತ್ತಿತ್ತು. ಕಾಕಾ ಹರೆಯದಲ್ಲಿ ತಟ್ಟೆ ಹಿಡಿದು ನಿಂತ ತುಣುಕನ್ನು ಆಗ ಮತ್ತೆ ನೋಡಿದೆ. ಅಲ್ಲಿ ನಿಂತದ್ದಕ್ಕೂ ಕ್ಷೌರಿಕ ನಿಂತದ್ದಕ್ಕೂ ಹೆಚ್ಚು ಫರಕಿರಲಿಲ್ಲ. ತಾನು ಮುಖ್ಯನಲ್ಲ, ಮುಂದೆ ಕೂತವರು ಮುಖ್ಯ ಎಂಬ ನಿಲುವು ಅದು. ಜೀವಮಾನವಿಡೀ ಸಾಲಿನ ಮುಂದೆಯೇ ನಿಂತವನಿಗೆ ಅದು ಸುಲಭಕ್ಕೆ ಸಿಗುವಂಥದ್ದಾಗಿರಲಿಲ್ಲ.

ರಜೆಯ ದಿನ ಬಾಯಾರು ಬೆಳಿಗ್ಗೆಯೇ ಬಂದರು. ಕೌದಿ ಕಟ್ಟಿದೆವು, ಎರಡು ಮೈಕು ಇಟ್ಟೆವು. ಸ್ಟೂಲಿನ ಎತ್ತರ ಸರಿ ಮಾಡಿದೆವು. ಕರೆಂಟು ಹೋಗುವುದನ್ನು ಕಾಯುತ್ತ ಕೂತೆವು.

ಅಂದು ಕರೆಂಟು ಹೋಗಲಿಲ್ಲ.

ಮಧ್ಯಾಹ್ನವಾಯಿತು. ಕೆಳಗೆ ಮಿಲ್ಲು ಹಿಗ್ಗಿನಿಂದ ಓಡುತ್ತಿತ್ತು. ಸ್ಟುಡಿಯೊದವರು ಲೈನ್‌ಮನ್ನನಿಗೆ ಫೋನು ಮಾಡಿ, “ಅಣ್ಣಾ, ಇವತ್ತ ತೆಗ್ಯಾಂಗಿಲ್ಲೇನೋ?” ಎಂದು ಕೇಳಿದರು. ಆ ಕಡೆಯವನಿಗೆ ಜನ್ಮದಲ್ಲಿ ಯಾರೂ ಇಂಥ ದೂರು ಕೊಟ್ಟಿರಲಿಕ್ಕಿಲ್ಲ. ಅವನು ಚೇಷ್ಟೆಯೆಂದು ತಿಳಿದು ಇಟ್ಟುಬಿಟ್ಟ. ಬಾಯಾರು ಸಂಜೆಯ ಬಸ್ಸು ಹಿಡಿದು ಜೇವರ್ಗಿ ಸೇರಬೇಕು, ಮರುದಿನ ಡ್ಯೂಟಿ. ಅವರು ಕೌದಿಯ ಅಂಚಿನ ದಾರ ಸುತ್ತುತ್ತ ಕೂತಿದ್ದರು.

ನಾನು ಬೂಟು ಹಾಕಿಕೊಂಡು ಕೆಳಗಿಳಿದು ಮಿಲ್ಲಿನ ಸಾಹುಕಾರರ ಹತ್ತಿರ ಹೋದೆ. ಅವರು ಗಲ್ಲಾಪೆಟ್ಟಿಗೆಯ ಮುಂದೆ ತೊಗರಿ ಕಾಳು ಕಚ್ಚಿ ನೋಡುತ್ತಿದ್ದರು.

“ಸಾವ್ಕಾರ್ರ, ಒಂದೀಟು ಮಿಲ್ ನಿಲ್ಲಸ್ಬೇಕಾಗಿತ್ತು.”

“ಮಾಸ್ತರ್, ಲಾಟ್ ಹಾಕೀನ್ರಿ. ನಡುವ ನಿಲ್ಲಸಿದ್ರ ಕಾಳು ಅಲ್ಲೇ ಕುಂದ್ರತಾವ. ಏನ್ ಅರ್ಜೆಂಟ್?”

“ಮ್ಯಾಲ ಒಬ್ಬ ಅಪ್ಪ ಮಗಳನ್ನ ಮನಿಗಿ ಕರ್ಯಾಕತ್ತಾನ. ನಿಮ್ಮ ಮಿಲ್ಲಿನ ಸಪ್ಪಳದಾಗ ಕೇಳವಲ್ದು.”

ಅವರು ನನ್ನ ಮುಖ ನೋಡಿದರು. ಡ್ರಿಲ್ ಮಾಸ್ತರು ಹೀಗೆ ಮಾತಾಡುವುದನ್ನು ಅವರು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. “ಈ ಲಾಟ್ ತೀರೂಮಟಾ ತಡೀರಿ” ಎಂದರು. “ಹಮಾಲರು ಚಾ ಕುಡ್ಯಾಕ ಹೋಗ್ತಾರ. ಅವರು ಬಂದ ಕೂಡ್ಲೆ ಚಾಲೂ ಮಾಡ್ತೇನಿ. ಆಮ್ಯಾಗ ಕೇಳಬ್ಯಾಡ್ರಿ.”

ಲಾಟು ತೀರಿತು. ಯಂತ್ರ ಒಂದೊಂದೇ ಸುತ್ತು ನಿಧಾನವಾಗಿ ನಿಂತಿತು. ಎದುರಿನ ಗಿರಣಿ ಊಟಕ್ಕೆ ಮುಚ್ಚಿತ್ತು, ಬೋರಿನ ಮೋಟಾರೂ ಬಂದಾಗಿತ್ತು. ಕಿವಿಯಲ್ಲಿ ಗುಂಯ್ಗುಡುವಷ್ಟು ಸುಮ್ಮನಾಯಿತು. ಸ್ಟುಡಿಯೊದವರು ಗಾಜಿನ ಆಚೆಯಿಂದ ಕೈ ಎತ್ತಿದರು. ಪರದೆಯ ಮೇಲೆ ಮಗಳು ಬಾಗಿಲಲ್ಲಿ ನಿಂತಳು.

ನಾನು ಮಡಚಿದ ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡಿದ್ದೆ. ತೂಕವನ್ನು ಎಡಗಾಲಿಗೆ ಬಿಟ್ಟೆ. ನನ್ನ ಮುಂದೆ ಸ್ಟೂಲಿನ ಮೇಲೆ ಬಾಯಾರ ತಲೆ ಇತ್ತು. ಬೈತಲೆ, ಬಿಗಿದು ಕಟ್ಟಿದ ಜಡೆ, ಕಿವಿಯ ಹಿಂದೆ ಸಿಕ್ಕಿಸಿದ್ದ ಪಿನ್ನು. ಪರದೆಯನ್ನು ನೋಡಬೇಕಾದ ನಾನು ಆ ತಲೆಯನ್ನೇ ನೋಡಿದೆ.

“ಬಾ ಬೇ” ಎಂದೆ. “ಕೂಡು.”

ಮಾತು ಹೊರಟ ಮೇಲೆ ನನಗೆ ಗೊತ್ತಾಯಿತು, ಅದು ಕೆಳಕ್ಕೆ ಇಳಿದಿತ್ತು.

ಇಂಗ್ಲಿಷಿನಲ್ಲಿ ಮಗಳು ಆ ಕ್ಷಣಕ್ಕೆ ಏನೂ ಅನ್ನುವುದಿಲ್ಲ. ತಲೆ ತಗ್ಗಿಸಿ ಬಂದು ಕುರ್ಚಿಯಲ್ಲಿ ಕೂಡುತ್ತಾಳೆ, ಒಂದು ಉಸಿರು ಕೇಳಿಸುತ್ತದೆ. ಅವಳ ಮೊದಲ ಮಾತು ಆಮೇಲೆ, ಅಪ್ಪ ಬಟ್ಟೆ ಹೊದಿಸಿದ ಮೇಲೆ. ಬಾಯಾರು ಉಸಿರು ಎಳೆದರು. ಆ ಉಸಿರಿನ ಬೆನ್ನಿಗೆ, ಕಾಗದದಲ್ಲಿಲ್ಲದ ಒಂದು ಮಾತು ಬಂತು.

“ಬಂದೀನಿ ಯಪ್ಪಾ.”

ಸಣ್ಣಗೆ ಅಂದರು. ಬಸ್ಸಿನಲ್ಲಿ ಅವರ ಬಾಯಿಂದ ಎಂದೂ ಬರದ ಅಳತೆಯ ದನಿ. ನನಗೆ ತಡೆಯಬೇಕೆನಿಸಿತು, ತಪ್ಪಿದೆ, ಮತ್ತೆ ಮೊದಲಿನಿಂದ ಎಂದು. ಕೈ ಅರ್ಧ ಎತ್ತಿದ್ದೆ ಕೂಡ. ಗಾಜಿನ ಆಚೆ ಸ್ಟುಡಿಯೊದವರು ಬೇಡವೆಂದು ತಲೆ ಅಲ್ಲಾಡಿಸಿದರು. ಮುಂದಿನ ಮಾತುಗಳನ್ನು ಇಬ್ಬರೂ ಸಾಲಾಗಿ ಹೇಳಿ ಮುಗಿಸಿದೆವು. ಕೊನೆಯ ಮಾತು ಮುಗಿಯುವುದಕ್ಕೂ ಕೆಳಗೆ ಹಮಾಲರ ಗದ್ದಲ ಕೇಳುವುದಕ್ಕೂ ಸರಿಹೋಯಿತು. ನೆಲ ನಡುಗಿತು, ಮಿಲ್ಲು ಶುರುವಾಯಿತು.

“ತಪ್ ಆತ್ರಿ ಸರ್” ಎಂದರು ಬಾಯಾರು, ಇನ್ನೂ ಸ್ಟೂಲಿನ ಮೇಲಿಂದ ಏಳದೆ. “ನಡುವ ಬಾಯಿಗಿ ಬಂದ್ಬಿಡ್ತು. ನೀವು ಹಂಗ ಕರೆದ್ರ ಸುಮ್ಮ ಹೆಂಗ ಇರ್ಲಿ?”

ಇನ್ನೊಮ್ಮೆ ಮಾಡುವಂತಿರಲಿಲ್ಲ. ಅದನ್ನೇ ಕಳಿಸಿದೆವು. ಆ ಮಾತನ್ನು ಕತ್ತರಿಸಲೇ ಎಂದು ಸ್ಟುಡಿಯೊದವರು ಕೇಳಿದರು. ನಾನು ತುಸು ಹೊತ್ತು ಯೋಚಿಸಿ, ಬೇಡ ಎಂದೆ. ಕಾಗದದಲ್ಲಿಲ್ಲದ್ದನ್ನು ತಿಳಿದೂ ತಿಳಿದೂ ಮುಂದೆ ಕಳಿಸಿದ್ದು ನನ್ನ ಮಟ್ಟಿಗೆ ಅದೇ ಮೊದಲು.

ಮೇಡಂ ಮೂರನೆಯ ದಿನ ಫೋನು ಮಾಡಿದರು.

“ಸರ್, ‘ಬಂದೀನಿ ಯಪ್ಪಾ’ ಅನ್ನುವುದು ಇಂಗ್ಲಿಷಿನಲ್ಲಿ ಇಲ್ಲ.”

“ಇಲ್ಲ ಮೇಡಂ.”

“ಅನುವಾದದಲ್ಲೂ ಇಲ್ಲ.”

“ಇಲ್ಲ.”

“ಅಲ್ಲಿ ಹುಡುಗಿಯ ತುಟಿ ಕಾಣಿಸುತ್ತಾ?”

“ಕಾಣುವುದಿಲ್ಲ. ತಲೆ ತಗ್ಗಿಸಿರುತ್ತಾಳೆ.”

ಆ ಕಡೆ ಅವರು ಮತ್ತೊಮ್ಮೆ ಹಚ್ಚಿ ನೋಡುತ್ತಿದ್ದರು ಅಂತ ಕಾಣುತ್ತದೆ. ನನ್ನದೇ ದನಿ ದೂರದಿಂದ, ಸಣ್ಣದಾಗಿ ಕೇಳಿಸಿತು. ಅದರ ಹಿಂದೆ ಬಾಯಾರದು.

“ಹಾಗಾದರೆ ಅವಳು ಅಂದಿಲ್ಲ ಅಂತ ಯಾರು ಹೇಳ್ತಾರೆ ಸರ್? ಇರಲಿ ಬಿಡಿ. ಮೊದಲು ಕೇಳಿಸಿದ್ದೆನಲ್ಲ, ಆ ಇಬ್ಬರಿಗೂ ಮತ್ತೆ ಕೇಳಿಸಿದೆ. ಈ ಸಲ ಅಪ್ಪ ಬೈತಿದ್ದಾನೆ ಅಂತ ಯಾರೂ ಅನ್ನಲಿಲ್ಲ. ಮಗಳು ಇವರೇ ಇರಲಿ. ಕೊನೆಯ ತನಕ ಇವರೇ.”

ನಾನು ಆ ಕೂಡಲೇ ಬಾಯಾರಿಗೆ ಫೋನು ಮಾಡಿದೆ. ಡ್ಯೂಟಿಯಲ್ಲಿದ್ದರು. ಹಿಂದೆ ನಿಲ್ದಾಣದ ಧ್ವನಿವರ್ಧಕ, ಕಡಲೆಕಾಯಿ ಮಾರುವವನ ಕೂಗು ಕೇಳುತ್ತಿತ್ತು.

“ಎಲ್ಲಿದ್ದೀರಿ?”

“ಅಫಜಲಪುರದಾಗ್ರಿ ಸರ್. ಹೊಂಟದ್ರಿ ಗಾಡಿ. ಏನ್ ಹೇಳ್ಯಾರ್ರಿ?”

“ನಿಮ್ಮ ದನಿ ಒಪ್ಪ್ಯಾರ. ಮಗಳು ನೀವೇ.”

ಆ ಕಡೆ ಸೀಟಿ ಊದಿದ ಸಪ್ಪಳ ಕೇಳಿತು. ಬಸ್ಸು ಹೊರಟಿತು, ಗೇರು ಬದಲಾಯಿತು, ಕಬ್ಬಿಣವೆಲ್ಲ ಗಡಗಡ ಅಲ್ಲಾಡತೊಡಗಿತು. ನಾನು ಫೋನು ಹಿಡಿದುಕೊಂಡೇ ಇದ್ದೆ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಸೀಟಿ ಕೇಳಿತು. ಬಸ್ಸು ನಿಂತಿತು, ಎಂಜಿನ್ನು ಆರಿತು. ಅಲ್ಲಿ ನಿಲ್ದಾಣವಿಲ್ಲ, ನನಗೆ ಆ ಹಾದಿ ಗೊತ್ತು. ಡ್ರೈವರು ಯಾಕವ್ವಾ, ಯಾರು ಇಳೀತಾರ ಎಂದು ಕೂಗಿ ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

“ಸರ್” ಎಂದರು ಬಾಯಾರು. “ಗದ್ದಲದಾಗ ಕೇಳ್ಲಿಲ್ರಿ. ಇನ್ನೊಮ್ಮಿ ಹೇಳ್ರಿ.”

ನಾನು ಇನ್ನೊಮ್ಮೆ ಹೇಳಿದೆ.